ಬಾನೆಟ್ಟಿನ ಕೆಳಗಿನ ವಾಸನೆ

ಆ ಕಾರನ್ನು ಮಿಸ್ತ್ರಿ ನಾಲ್ಕು ಸಲ ರಿಪೇರಿ ಮಾಡಿದರು. ನಾಲ್ಕು ಸಲವೂ ರಿಪೇರಿ ಸರಿಯಾಗಿಯೇ ಆಗಿತ್ತು. ಇದನ್ನು ಹೇಳಬೇಕಾಗಿದ್ದ ದಿನ ನಾನು ಹೇಳಲಿಲ್ಲ. ಆದ್ದರಿಂದ ಈಗ ಮೊದಲ ಸಾಲಿನಲ್ಲೇ ಹೇಳಿಬಿಡುತ್ತೇನೆ. ಸುದ್ದಿ ಬರೆಯುವವನಿಗೆ ಕಲಿಸುವ ಮೊದಲ ಪಾಠವೂ ಅದೇ, ಮುಖ್ಯವಾದದ್ದು ಮೇಲೆ ಬರಬೇಕು.

ಆಗ ನಾನು ಗೋಕಾಕದಲ್ಲಿದ್ದುಕೊಂಡು ಒಂದು ದಿನಪತ್ರಿಕೆಗೆ ಸುದ್ದಿ ಕಳಿಸುತ್ತಿದ್ದೆ, ಊರವರ ಬಾಯಲ್ಲಿ ಬಾತ್ಮೀದಾರ. ನಾವಿನ್ನೂ ಮುಂಬಯಿ ರಾಜ್ಯದಲ್ಲಿದ್ದ ಕೊನೆಯ ದಿನಗಳು. ಹುಕ್ಕೇರಿಯ ಕೋರ್ಟು, ಮೂಡಲಗಿಯ ಸಂತೆಯ ಧಾರಣೆ, ಹೊಳೆಗೆ ನೀರು ಬಂದದ್ದು, ಊರ ಹಿರಿಯರ ಭಾಷಣ, ಇವು ನನ್ನ ಸುದ್ದಿಗಳು. ತಿರುಗಾಟಕ್ಕೆ ಒಬ್ಬ ಬೆಲ್ಲದ ವ್ಯಾಪಾರಿಯ ಕಾರು ಸಿಕ್ಕಿತ್ತು. ಅವರು ಬೆಲ್ಲ ನೋಡಲು ಮೂಡಲಗಿಗೂ ಹುಕ್ಕೇರಿಗೂ ವಾರಕ್ಕೊಮ್ಮೆ ಹೋಗುವವರು. ಊರೆಲ್ಲ ಅವರನ್ನು ಸಾವಕಾರರು ಎನ್ನುತ್ತಿತ್ತು, ನಾನೂ ಹಾಗೇ ಕರೆಯುತ್ತಿದ್ದೆ. ಹಣೆಯ ಮೇಲೆ ವಿಭೂತಿ, ಬಾಯಲ್ಲಿ ನಗು, ಕೈಯಲ್ಲಿ ಸದಾ ಒಂದು ತುಂಡು ಬೆಲ್ಲ. ದಾರಿಯಲ್ಲಿ ನಿಂತ ಮುದುಕರನ್ನು ಕಂಡರೆ ಕಾರು ನಿಲ್ಲಿಸಿ ಹತ್ತಿಸಿಕೊಳ್ಳುತ್ತಿದ್ದರು. ಬಸವಣ್ಣನವರ ಹೆಸರಿನಲ್ಲಿ ಸಭೆ ನಡೆದರೆ ಮೊದಲ ಭಾಷಣ ಅವರದೇ. ಮೇಲು ಕೀಳು ಎಂಬುದಿಲ್ಲ ಎಂದು ಅವರು ಹೇಳಿದ್ದನ್ನು ನಾನು ಎಷ್ಟೋ ಸಲ ಬರೆದುಕೊಂಡು ಕಳಿಸಿದ್ದೇನೆ. ಅಚ್ಚಾಗಿ ಬಂದ ತುಣುಕನ್ನು ಅವರು ಕತ್ತರಿಸಿ ಇಟ್ಟುಕೊಳ್ಳುತ್ತಿದ್ದರು.

ಕಾರು ಯುದ್ಧಕ್ಕೂ ಮೊದಲಿನ ವಿಲಾಯತಿ ಗಾಡಿ. ಬಾನೆಟ್ ಎರಡೂ ಬದಿಗೆ ರೆಕ್ಕೆಯಂತೆ ತೆರೆಯುತ್ತಿತ್ತು. ಬಾಗಿಲ ಕೆಳಗೆ ಉದ್ದಕ್ಕೆ, ಕಾಲಿಟ್ಟು ಹತ್ತಲು, ಹಲಗೆಯಂಥ ಫುಟ್‌ಬೋರ್ಡ್ ಇತ್ತು. ಓಡುವಾಗ ಗಾಡಿಗೆ ತಕರಾರಿರಲಿಲ್ಲ. ರೋಗವೆಲ್ಲ ನಿಂತಾಗ. ಇಂಜಿನ್ ಚಾಲೂ ಇಟ್ಟು ನಿಲ್ಲಿಸಿದರೆ ಚಳಿಜ್ವರ ಬಂದವರಂತೆ ನಡುಗುವುದು, ಎರಡು ಹೊಡೆತ ಹೊಡೆದು ಒಂದು ಬಿಡುವುದು, ಕೊನೆಗೆ ಒಮ್ಮೆ ಕೆಮ್ಮಿ ಸುಮ್ಮನಾಗುವುದು. ಘಟಪ್ರಭಾ ಸ್ಟೇಶನ್ನಿನ ಹತ್ತಿರ ರೈಲು ಗೇಟು ಹಾಕಿದರೆಂದರೆ ನಮಗೆ ಗಾಬರಿ. ರೈಲು ಹೋಗಿ ಗೇಟು ತೆಗೆಯುವಷ್ಟರಲ್ಲಿ ಗಾಡಿ ಸತ್ತಿರುತ್ತಿತ್ತು. ಡ್ರೈವರ್ ಇಳಿದು ಮುಂದಿನಿಂದ ಹ್ಯಾಂಡಲ್ ಹಾಕಿ ತಿರುಗಿಸುವವರೆಗೆ ಹಿಂದಿನ ಚಕ್ಕಡಿಗಳವರು ಬೈಯುತ್ತಿದ್ದರು.

ಮೊದಲು ರಿಪೇರಿಗೆ ಬೆಳಗಾವಿಗೆ ಕಳಿಸುತ್ತಿದ್ದರು. ಅಷ್ಟು ದೂರ ಹೋಗಿ ಬರುವಷ್ಟರಲ್ಲಿ ವ್ಯಾಪಾರದ ಎರಡು ದಿನ ಹಾಳು. ಹೀಗಾಗಿ ಕೊಣ್ಣೂರ ರಸ್ತೆಯ ಹುಣಸೆಮರದ ಕೆಳಗೆ ಕೆಲಸ ಮಾಡುತ್ತಿದ್ದ ಮಿಸ್ತ್ರಿಯ ಹೆಸರು ಬಂತು.

ಮಿಸ್ತ್ರಿ ದಡ್ಡಿ ಎಂಬ ಊರಿನ ಕಡೆಯವರು. ಯುದ್ಧಕಾಲದಲ್ಲಿ ಫೌಜಿಗೆ ಸೇರಿ ಅಲ್ಲಿ ಲಾರಿ, ಜೀಪುಗಳ ಇಂಜಿನ್ ಬಿಚ್ಚಿ ಕಟ್ಟುವುದನ್ನು ಕಲಿತಿದ್ದರು. ಊರವರು ಆಗ ಅಸ್ಪೃಶ್ಯರೆಂದು ದೂರ ಇಡುತ್ತಿದ್ದ ಜಾತಿಯವರು. ಫೌಜಿನಲ್ಲಿ ಅವರು ಮುಟ್ಟದ ಯಂತ್ರವಿರಲಿಲ್ಲ, ಊರಿಗೆ ಬಂದ ಮೇಲೆ ಅವರಿಗೆ ಮುಟ್ಟಲು ಸಿಕ್ಕಿದ್ದು ಲಾರಿಗಳಷ್ಟೇ. ಲಾರಿ ಯಾರ ಅಂಗಳಕ್ಕೂ ಬರುವುದಿಲ್ಲ, ಹಾಗಾಗಿ ಅದಕ್ಕೆ ಮೈಲಿಗೆ ಇರಲಿಲ್ಲ. ನಾನು ಆಗ ಅವರನ್ನು ಏಕವಚನದಲ್ಲಿ ಕರೆಯುತ್ತಿದ್ದೆ. ನನಗಿಂತ ಹತ್ತು ವರ್ಷಕ್ಕಾದರೂ ದೊಡ್ಡವರಿದ್ದರು.

ಹುಣಸೆಮರದ ಕೆಳಗೆ ಅವರಿಗೆ ಇದ್ದದ್ದು ಒಂದು ಕಬ್ಬಿಣದ ಪೆಟ್ಟಿಗೆ, ಎರಡು ಕಲ್ಲು, ಮೈಕೆಳಗೆ ಹಾಸಿಕೊಳ್ಳಲು ಒಂದು ತಟ್ಟು. ಮಳೆ ಶುರುವಾದರೆ ಕೆಲಸ ನಿಲ್ಲುತ್ತಿತ್ತು. ಕೆಸರಿನಲ್ಲಿ ಅಂಗಾತ ಮಲಗಿ ಲಾರಿಯ ಕೆಳಗೆ ಕೈಯಾಡಿಸಲು ಆಗುವುದಿಲ್ಲ. ಆ ನಾಲ್ಕು ತಿಂಗಳು ಘಟಪ್ರಭಾ ಸ್ಟೇಶನ್ನಿನಲ್ಲಿ ಚೀಲ ಹೊರುತ್ತಿದ್ದರು. ಅದೇ ವರ್ಷ ಊರ ವರ್ತಕರು ಕೆಲವರು ಸೇರಿ ಸಾಲು ಮಳಿಗೆ ಕಟ್ಟಿಸುತ್ತಿದ್ದರು. ಕೊನೆಯ ಮಳಿಗೆಯಲ್ಲಿ, ಲಾರಿಯ ಕೆಳಗೆ ನಿಂತು ಕೆಲಸ ಮಾಡಲು ಅನುಕೂಲವಾಗುವಂತೆ, ಒಬ್ಬ ಆಳು ಇಳಿಯುವಷ್ಟು ಆಳದ ಗುಂಡಿ ತೋಡಿ ಒಳಗೆ ಕಲ್ಲು ಕಟ್ಟಿಸಿದ್ದರು. ಮೇಲೆ ತಗಡಿನ ಮಾಡು. ಮಿಸ್ತ್ರಿಗೆ ಆ ಮಳಿಗೆ ಬೇಕಾಗಿತ್ತು. ಬಾಡಿಗೆ ಕೊಡಲು ಸಿದ್ಧರಿದ್ದರು. ಮಳಿಗೆ ಯಾರಿಗೆ ಎಂದು ನಿರ್ಧರಿಸುವ ಐದು ಮಂದಿ ಪಂಚರಲ್ಲಿ ಸಾವಕಾರರೂ ಒಬ್ಬರು, ಅವರ ಮಾತಿಗೆ ಉಳಿದವರು ತಲೆಯಾಡಿಸುತ್ತಿದ್ದರು.

ಕರಾರು ಸಾವಕಾರರೇ ಹೇಳಿದ್ದು, ನಾನು ಪಕ್ಕದಲ್ಲೇ ಇದ್ದೆ. ಗಾಡಿ ನಿಂತಾಗ ನಡುಗದ ಹಾಗೆ ಮಾಡಬೇಕು, ಮಳಿಗೆ ಹಂಚುವ ದಿನದವರೆಗೆ ಅದು ಹಾಗೇ ಇರಬೇಕು. ಇದ್ದರೆ ಗುಂಡಿಯ ಮಳಿಗೆ ಮಿಸ್ತ್ರಿಗೆ. ಮಿಸ್ತ್ರಿ ಒಮ್ಮೆ ತಲೆಯಾಡಿಸಿ ಕೆಲಸಕ್ಕೆ ಕುಳಿತರು.

ಆ ಮೊದಲ ರಿಪೇರಿಯನ್ನು ನಾನು ಪೂರ್ತಿ ನೋಡಿದೆ. ಇಂಜಿನ್ ನಡೆಯುತ್ತಿರುವಾಗಲೇ, ಕೈಗೆ ಒಣ ಬಟ್ಟೆ ಸುತ್ತಿಕೊಂಡು, ನಾಲ್ಕು ಪ್ಲಗ್ಗುಗಳ ವಾಯರನ್ನು ಒಂದೊಂದಾಗಿ ಕಿತ್ತು ಮತ್ತೆ ಸಿಕ್ಕಿಸಿದರು. ಮೊದಲನೆಯದನ್ನು ಕಿತ್ತಾಗ ಸದ್ದು ಕುಂಟಿತು, ಎರಡನೆಯದಕ್ಕೂ ಕುಂಟಿತು. ಮೂರನೆಯದನ್ನು ಕಿತ್ತಾಗ ಏನೂ ಬದಲಾಗಲಿಲ್ಲ. ಕೆಲಸ ಮಾಡದವನು ರಜೆ ಹಾಕಿದರೆ ಗೊತ್ತಾಗುವುದಿಲ್ಲ, ಹಾಗೆ, ಎಂದರು. ಆಮೇಲೆ ಇಂಜಿನ್ನಿಗೂ ಕಾರ್ಬುರೇಟರಿನ ಕೊಳವೆಗೂ ಇರುವ ಕೂಡಿಕೆಯ ಸುತ್ತ ಒಂದೊಂದೇ ಹನಿ ಎಣ್ಣೆ ಬಿಟ್ಟರು. ಒಂದು ಕಡೆ ಹನಿ ಒಳಕ್ಕೆ ಹೀರಿಕೊಂಡು ಹೋಯಿತು, ಹೋದ ಕ್ಷಣ ಸದ್ದು ನೆಟ್ಟಗಾಯಿತು. ಗಾಳಿ ಅಲ್ಲಿಂದ ಕಳ್ಳದಾರಿಯಲ್ಲಿ ಒಳಗೆ ಹೋಗುತ್ತಿತ್ತು. ತಾಮ್ರದ ತಗಡನ್ನು ಕತ್ತರಿಸಿ ಆ ಕೂಡಿಕೆಗೆ ಹೊಸ ಪ್ಯಾಕಿಂಗ್ ಕೂರಿಸಿದರು. ಪ್ಲಗ್ಗುಗಳ ಮಸಿ ಕೆರೆದರು. ನಾಲ್ಕೂ ಪ್ಲಗ್ಗಿಗೆ ಸರದಿಯಂತೆ ಕಿಡಿ ಹಂಚುವ ಡಿಸ್ಟ್ರಿಬ್ಯೂಟರಿನ ಕರಿ ಮುಚ್ಚಳ ತೆಗೆದು ಒಳಗೆ ಒರೆಸಿದರು. ಕೊನೆಗೆ ಸ್ಕ್ರೂಡ್ರೈವರಿನ ಮರದ ಹಿಡಿಯನ್ನು ಕಿವಿಗೆ ಒತ್ತಿಕೊಂಡು, ತುದಿಯನ್ನು ಇಂಜಿನ್ನಿಗೆ ಮುಟ್ಟಿಸಿ, ಇನ್ನೊಂದು ಕೈಯಿಂದ, ಗಾಡಿ ನಿಂತಾಗ ಇಂಜಿನ್ ನಡೆಯುವ ವೇಗ ಹೊಂದಿಸುವ ಸ್ಲೋ ಸ್ಕ್ರೂವನ್ನು ಕೂದಲೆಳೆಯಷ್ಟು ಆ ಕಡೆ, ಈ ಕಡೆ ತಿರುಗಿಸಿದರು. ಹಾಗೆ ತುಂಬ ಹೊತ್ತು ಕೇಳಿದರು.

ಸಾವಕಾರರು ಪರೀಕ್ಷೆಗೆಂದು ಗ್ಲಾಸಿನಲ್ಲಿ ಅಂಚಿನವರೆಗೆ ನೀರು ತುಂಬಿಸಿ ಫುಟ್‌ಬೋರ್ಡಿನ ಮೇಲೆ ಇಡಿಸಿದರು. ಇಂಜಿನ್ ನಡೆಯುತ್ತಿತ್ತು, ನೀರು ಕದಲಿತು, ತುಳುಕಲಿಲ್ಲ. ಸಾವಕಾರರು ಕೈಯಲ್ಲಿದ್ದ ಬೆಲ್ಲದ ತುಂಡನ್ನು ಮೇಲಿನಿಂದ ಮಿಸ್ತ್ರಿಯ ಬೊಗಸೆಗೆ ಹಾಕಿದರು.

ರಸ್ತೆಯ ಮೇಲೆ ಓಡಿಸಿ ನೋಡುವಾಗ ಮಿಸ್ತ್ರಿ ಫುಟ್‌ಬೋರ್ಡಿನ ಮೇಲೆ ನಿಂತು, ಕಿಟಕಿ ಹಿಡಿದು, ತಲೆಯನ್ನು ಬಾನೆಟ್ಟಿನ ಕಡೆ ಬಾಗಿಸಿ ಬಂದರು. ಸದ್ದು ಕೇಳಲು ಹಾಗೆ ನಿಂತರೆಂದು ನಾನು ತಿಳಿದೆ, ಎಂಥ ನಿಷ್ಠೆ ಎಂದು ಮೆಚ್ಚಿಕೊಂಡೆ. ಒಳಗೆ ಹಿಂದಿನ ಸೀಟು ಖಾಲಿ ಇತ್ತು. ಅಲ್ಲಿ ಅವರು ಕೂಡುವ ಹಾಗಿರಲಿಲ್ಲ ಎಂಬುದು ನನಗೆ ಹೊಳೆದದ್ದು ಬಹಳ ತಡವಾಗಿ. ಕಣ್ಣಿಗೆ ಕಂಡದ್ದನ್ನು ತಪ್ಪಿಲ್ಲದೆ ಬರೆಯುತ್ತೇನೆಂದು ಹೆಮ್ಮೆಪಡುತ್ತಿದ್ದವನು ನಾನು.

ನಾಲ್ಕನೆಯ ದಿನ ಹುಕ್ಕೇರಿಗೆ ಹೋಗುವಾಗ ರೈಲು ಗೇಟಿನಲ್ಲಿ ಗಾಡಿ ಮತ್ತೆ ನಡುಗಿತು, ಮತ್ತೆ ಸತ್ತಿತು. ಮಿಸ್ತ್ರಿಗೆ ಹೇಳಿ ಕಳಿಸಿದರು. ಎರಡನೆಯ ಸಲ ಅವರು ಪ್ಲಗ್ಗು ಬದಲಿಸಿ, ಮುಚ್ಚಳ ಒರೆಸಿ, ಸರಿಮಾಡಿ ಕೊಟ್ಟರು. ಗ್ಲಾಸಿನ ನೀರು ತುಳುಕಲಿಲ್ಲ. ವಾರದೊಳಗೆ ಮತ್ತೆ ಅದೇ ರೋಗ. ಮೂರನೆಯ ಸಲವೂ ಹಾಗೇ. ಡ್ರೈವರ್, ಆತನ ಕೈಗುಣವೇ ಹಂಗ, ಎಂದು ಊರಲ್ಲಿ ಹೇಳತೊಡಗಿದ. ಒಂದು ಗಾಡಿ ಸುದ್ದ ಮಾಡಲಾಗದವನಿಗೆ ಮಳಿಗೆ ಯಾಕೆ ಎಂದು ಸಾವಕಾರರು ನನ್ನ ಮುಂದೆ ಒಂದೆರಡು ಸಲ ಅಂದರು. ಬೇಸರದಿಂದಲೇ ಅಂದರು, ಸಿಟ್ಟಿರಲಿಲ್ಲ.

ಆ ದಿನಗಳಲ್ಲಿ ಕಾರಿನಲ್ಲಿ ಒಂದು ವಾಸನೆ ಬರುತ್ತಿತ್ತು. ಇಂಜಿನ್ ಕಾದ ಮೇಲೆ, ಕಾಲ ಹತ್ತಿರದಿಂದ ಮೇಲೆ ಬರುವ, ಮೂಗು ಸುಡುವಂಥ ವಾಸನೆ. ಕೊಟ್ಟಿಗೆಯ ಮೂಲೆಯಲ್ಲಿ ಬರುವಂಥದು. ಬೆಲ್ಲದ ಹಳೆಯ ಚೀಲದ್ದಿರಬೇಕೆಂದು ಸುಮ್ಮನಿದ್ದೆ.

ಮೂರನೆಯ ರಿಪೇರಿ ಮುಗಿದು ಗಾಡಿ ಮನೆಗೆ ಬಂದ ಮರುದಿನ ನಾನು ಹುಕ್ಕೇರಿಗೆ ಹೋಗಬೇಕಿತ್ತು. ಹೇಳಿದ ಹೊತ್ತಿಗಿಂತ ಮೊದಲೇ ಸಾವಕಾರರ ವಾಡೆಗೆ ಹೋದೆ. ಕಾರು ದೊಡ್ಡ ಬಾಗಿಲ ಹೊರಗೆ ನಿಂತಿತ್ತು, ಇನ್ನೂ ಅಂಗಳಕ್ಕೆ ತಂದಿರಲಿಲ್ಲ. ಡ್ರೈವರ್ ಬಾನೆಟ್ಟಿನ ಒಂದು ರೆಕ್ಕೆ ಎತ್ತಿ ಹಿಡಿದಿದ್ದ. ಪಕ್ಕದಲ್ಲಿ ಸಾವಕಾರರ ತಾಯಿ, ಕೈಯಲ್ಲಿ ತಾಮ್ರದ ತಂಬಿಗೆ. ಬೆಳಿಗ್ಗೆ ಹಿಡಿದ ಗೋಮೂತ್ರ ಅದರಲ್ಲಿ ತುಂಬಿತ್ತು.

ಮುದುಕಿ ಡ್ರೈವರನನ್ನು ಕೇಳಿದರು.

“ಎಲ್ಲೆಲ್ಲಿ ಕೈ ಹಾಕಿದ್ದ?”

“ಇಲ್ಲಿ ಹಾಕಿದ್ದರಿ ಅವ್ವಾರ. ಇಲ್ಲೂ. ಈ ಕರಿ ಮುಚ್ಚಳ ತಗದಿದ್ದ, ಇದರ ಒಳಗೂ ಕೈ ಆಡಿಸ್ಯಾನ.”

ಡ್ರೈವರ್ ಬೆರಳಿನಿಂದ ತೋರಿಸುತ್ತ ಹೋದ. ಮುದುಕಿ ತುದಿಗಾಲಲ್ಲಿ ನಿಂತು, ತೋರಿಸಿದಲ್ಲೆಲ್ಲ ಸುರಿಯುತ್ತ ಹೋದರು. ಪ್ಲಗ್ಗುಗಳ ಮೇಲೆ, ವಾಯರುಗಳ ಮೇಲೆ, ಮುಚ್ಚಳವನ್ನು ಡ್ರೈವರನಿಂದ ಬಿಚ್ಚಿಸಿ ಅದರ ಒಳಗೆ. ಆತುರವೇನೂ ಇರಲಿಲ್ಲ. ದೇವರ ಮನೆಯಲ್ಲಿ ಮಾಡುವಷ್ಟೇ ಶ್ರದ್ಧೆಯಿಂದ ಮಾಡಿದರು. ನನ್ನನ್ನು ಕಂಡು, ದೂರ ನಿಲ್ಲಿ, ಅಂಗಿಗೆ ಸಿಡಿಯುತ್ತದೆ ಎಂದು ಎಚ್ಚರಿಸಿದರು. ನಾನು ಎರಡು ಹೆಜ್ಜೆ ಹಿಂದೆ ಸರಿದೆ. ತಂಬಿಗೆ ಬರಿದಾದ ಮೇಲೆ ಬಿಸಿಲಿಗೆ ಆರಲೆಂದು ಬಾನೆಟ್ ತೆರೆದಿಟ್ಟರು. ಆರಿದ ಮೇಲೆ ಗಾಡಿ ಅಂಗಳಕ್ಕೆ ಬಂತು, ಮುದುಕಿ ಚಕ್ರಕ್ಕೆ ಕುಂಕುಮ ಹಚ್ಚಿದರು.

ಮಿಸ್ತ್ರಿಯ ಕೈ ಎಲ್ಲೆಲ್ಲಿ ಕೆಲಸ ಮಾಡಿತ್ತೋ ಅಲ್ಲಲ್ಲೇ, ಒಂದನ್ನೂ ಬಿಡದೆ, ಉಪ್ಪುನೀರು ಬಿದ್ದಿತ್ತು. ಗಾಡಿ ಕೆಡಿಸಬೇಕೆಂದು ಹೊರಟವನಿಗೂ ಇಷ್ಟು ಕರಾರುವಾಕ್ಕಾಗಿ ಜಾಗ ಸಿಕ್ಕುತ್ತಿರಲಿಲ್ಲ.

ನಾನು ಅದೇ ಕಾರಿನಲ್ಲಿ ಕುಳಿತು ಹುಕ್ಕೇರಿಗೆ ಹೋದೆ. ದಾರಿಯಲ್ಲಿ ಇಂಜಿನ್ ಕಾದಂತೆ ವಾಸನೆ ಮೇಲೇರಿತು. ಈಗ ಅದರ ಹೆಸರು ನನಗೆ ಗೊತ್ತಿತ್ತು. ಸಾವಕಾರರು ಕಿಟಕಿಯ ಗಾಜು ಇಳಿಸಿ, ಈ ಸಲ ಕಬ್ಬು ಛಲೋ ಐತಿ, ಎಂದರು. ಹೌದು ಎಂದೆ. ಅಂದು ಹುಕ್ಕೇರಿಯಲ್ಲಿ ನಾನು ವರದಿ ಮಾಡಲು ಹೋಗಿದ್ದ ಸಭೆ ಅಸ್ಪೃಶ್ಯತೆ ಅಪರಾಧವೆಂದು ಬಂದಿದ್ದ ಹೊಸ ಕಾಯ್ದೆಯನ್ನು ಜನರಿಗೆ ತಿಳಿಸುವುದಕ್ಕೆ ನಡೆದದ್ದು. ಸಭಿಕರ ಸಾಲಿನಲ್ಲಿ ಸಾವಕಾರರು ಮುಂದೆಯೇ ಕುಳಿತಿದ್ದರು. ನಾನು ಸಭೆಯನ್ನು ಚೆನ್ನಾಗಿಯೇ ವರದಿ ಮಾಡಿದೆ. ಬೆಳಿಗ್ಗೆ ನೋಡಿದ್ದನ್ನು ಬರೆಯಲಿಲ್ಲ. ಒಂದು ಮನೆಯೊಳಗಿನ ಆಚಾರ ಸುದ್ದಿಯಾಗುವುದಿಲ್ಲ ಎಂದು ನನಗೆ ನಾನೇ ಹೇಳಿಕೊಂಡದ್ದು ನೆನಪಿದೆ. ಇಂದು ಆ ಮಾತು ನೆನಪಾದರೆ ಆ ವಾಸನೆಯೂ ಜೊತೆಗೇ ಬರುತ್ತದೆ.

ನಾಲ್ಕನೆಯ ಸಲ ಗಾಡಿ ಹುಣಸೆಮರದ ಕೆಳಗೆ ಹೋದಾಗ ನಾನೂ ಹೋಗಿದ್ದೆ. ಡ್ರೈವರ್ ಚಹಾ ಕುಡಿಯಲು ಹೋದ. ಮಿಸ್ತ್ರಿ ಕರಿ ಮುಚ್ಚಳ ಬಿಚ್ಚಿ ಬೆಳಕಿಗೆ ಹಿಡಿದರು. ಒಳಗಿನ ಹಿತ್ತಾಳೆಯ ತುದಿಗಳು ಹಸಿರಾಗಿದ್ದವು. ಅವುಗಳ ನಡುವೆ ಬಿಳಿಯ ಪೊರೆ. ಬೆಳಗಿನ ತಂಪಿಗೆ ಅದು ಹಸಿಯಾಗಿ, ಕಿಡಿ ಪ್ಲಗ್ಗಿಗೆ ಹೋಗುವ ಬದಲು ಆ ಉಪ್ಪಿನ ದಾರಿ ಹಿಡಿದು ಹರಿದುಹೋಗುತ್ತಿತ್ತು. ಮಿಸ್ತ್ರಿ ಉಗುರಿನಿಂದ ಕೆರೆದು ಮೂಗಿಗೆ ಹಿಡಿದರು. ಮತ್ತೊಮ್ಮೆ ಹಿಡಿದರು.

“ಇದು ಆಕಳ ಉಚ್ಚಿರಿ,” ಎಂದರು. “ಫೌಜಿನ್ಯಾಗ ಇಂಜಿನ್ನಿನೊಳಗ ಮಳಲು ನೋಡೀನಿ, ಇಲಿ ನೋಡೀನಿ, ಒಮ್ಮೆ ಹಾವೂ ನೋಡೀನಿ. ಆಕಳ ಹ್ಯಾಂಗ ಹೊಕ್ಕತ್ರಿ ಇದರಾಗ?”

ನಗುತ್ತಲೇ ಕೇಳಿದರು, ಆದರೆ ನನ್ನ ಮುಖದಿಂದ ಕಣ್ಣು ತೆಗೆಯಲಿಲ್ಲ. ನಾನು ಕಂಡದ್ದನ್ನು ಕಂಡಂತೆ ಹೇಳಿದೆ. ಡ್ರೈವರ್ ಬೆರಳು ತೋರಿಸಿದ್ದನ್ನೂ ಹೇಳಿದೆ. ಅವರು ಮುಚ್ಚಳವನ್ನು ಪೆಟ್ರೋಲಿನಲ್ಲಿ ಅದ್ದಿ, ಬಟ್ಟೆಯಿಂದ, ಮಗುವಿನ ಕಿವಿ ಒರೆಸುವ ಹಾಗೆ ಒರೆಸಿದರು. ಆಮೇಲೆ, ಅವ್ವಾರ ಮೇಲೆ ತನಗೆ ಸಿಟ್ಟಿಲ್ಲ, ಮುದುಕರು, ಎಂದರು. ಊರವರು ತನ್ನ ಕೈ ಕೆಟ್ಟದ್ದು ಎನ್ನುತ್ತಿರುವುದು ಕಿವಿಗೆ ಬಿದ್ದಿದೆ, ಅದೊಂದೇ ನೋವು, ಎಂದರು. ನನ್ನಿಂದ ಅವರು ಕೇಳಿದ್ದು ಒಂದೇ. ಮಳಿಗೆ ಹಂಚುವ ದಿನ ಪಂಚರ ಮುಂದೆ, ಮಿಸ್ತ್ರಿಯ ಕೈಯಿಂದ ಹೋದಾಗ ಗಾಡಿ ಸರಿ ಇತ್ತು, ಕೆಟ್ಟದ್ದು ಆಮೇಲೆ, ಇಷ್ಟು ಹೇಳಬೇಕು. ನೋಡೋಣ ಎಂದೆ.

ನಾನು ಮಾಡಿದ್ದು ಬೇರೆ. ಎಲ್ಲರಿಗೂ ಒಳ್ಳೆಯವನಾಗುವ ಒಂದು ದಾರಿ ಹುಡುಕಿದೆ. ಸಾವಕಾರರ ಹತ್ತಿರ ಹೋಗಿ, ಇಂಜಿನ್ನಿಗೆ ನೀರು ತಾಕಬಾರದಂತೆ, ತಾಕಿದ್ದರಿಂದಲೇ ಈ ತೊಂದರೆಯಂತೆ, ಎಂದೆ. ಗೋಮೂತ್ರ ಎನ್ನಲಿಲ್ಲ, ನೀರು ಎಂದೆ. ಅವರಿಗೆ ತಕ್ಷಣ ಅರ್ಥವಾಯಿತು. ನಾಚಿಕೆಯಾದಂತೆ ಕಾಣಲಿಲ್ಲ, ಸ್ವಲ್ಪ ಸಮಾಧಾನವೇ ಆದಂತಿತ್ತು.

“ಅವ್ವಗ ಹೇಳಾಕ ಆಗೂದಿಲ್ರಿ ಬಾತ್ಮೀದಾರ್ರ, ಊಟಾ ಬಿಡತಾಳ. ನೀವ ಅವಂಗ ಹೇಳ್ರಿ, ನೀರ ತಾಕಲಾರದಂಗ ಏನರ ಮಾಡು ಅಂತ. ಮಿಸ್ತ್ರಿ ಅದಾನಲ್ಲ, ಅಷ್ಟ ಮಾಡಾಕ ಬರೂದಿಲ್ಲೇನು?”

ಆ ಮಾತನ್ನು ನಾನು ಹುಣಸೆಮರದವರೆಗೆ ಹೊತ್ತುಕೊಂಡು ಹೋದೆ. ಅಂದರೆ, ತಾನು ಮುಟ್ಟಿದ ಮೈಲಿಗೆಯನ್ನು ತೊಳೆಯುವ ಉಚ್ಚೆಯಿಂದ ಗಾಡಿ ಕೆಡದಂತೆ ಕಾಯುವ ಕೆಲಸವನ್ನೂ ಮುಟ್ಟಿದವನೇ ಮಾಡಬೇಕು. ಬಾಯಿಬಿಟ್ಟು ಹೇಳಿದೆ. ಹೇಳುವಾಗ ನನ್ನ ದನಿ ಸಹಜವಾಗಿಯೇ ಇತ್ತು. ಸುದ್ದಿಯವನ ದನಿ, ಎಲ್ಲ ಮಾತನ್ನೂ ಒಂದೇ ತೂಕದಲ್ಲಿ ತಲುಪಿಸುವ ದನಿ. ಮಿಸ್ತ್ರಿ ನನ್ನನ್ನು ಒಂದು ಗಳಿಗೆ ನೋಡಿದರು. ಆಮೇಲೆ ಪೆಟ್ಟಿಗೆಯಿಂದ ಲಾರಿ ಟಾಯರಿನ ಹಳೆಯ ಟ್ಯೂಬು ತೆಗೆದರು.

ಎರಡು ದಿನ ಕೂತು ಒಂದು ಟೊಪ್ಪಿಗೆ ಮಾಡಿದರು. ರಬ್ಬರಿನ ತುಂಡುಗಳನ್ನು ಪಂಕ್ಚರಿನ ಅಂಟಿನಿಂದ ಒಂದರ ಮೇಲೊಂದು ಅಂಟಿಸಿ, ಡಿಸ್ಟ್ರಿಬ್ಯೂಟರಿನ ಮುಚ್ಚಳಕ್ಕೆ ಬಿಗಿಯಾಗಿ ಕೂಡುವಂತೆ, ವಾಯರುಗಳು ಹೊರಬರಲು ತೂತು ಬಿಟ್ಟು, ಪ್ರತಿ ತೂತಿಗೂ ಒಂದು ಕೊರಳು ಮಾಡಿ, ಕೊರಳಿಗೆ ಮೇಣದ ದಾರ ಬಿಗಿದಿದ್ದರು. ಪ್ಲಗ್ಗುಗಳಿಗೂ ಅಂಥವೇ ನಾಲ್ಕು ಚಿಕ್ಕ ಟೊಪ್ಪಿಗೆ. ಅಷ್ಟು ಅಚ್ಚುಕಟ್ಟಾದ ಕೆಲಸ ಆ ಕಾರಿನಲ್ಲಿ ಇನ್ನೊಂದಿರಲಿಲ್ಲ, ವಿಲಾಯತಿಯವರು ಮಾಡಿದ್ದೂ ಸೇರಿ.

ಮುದುಕಿ ಆ ಸಲವೂ ತಂಬಿಗೆ ಸುರಿದರು. ಟೊಪ್ಪಿಗೆಯ ಮೇಲೆ ಬಿದ್ದದ್ದು ಜಾರಿ ನೆಲಕ್ಕಿಳಿಯಿತು. ಮುಂದೆ ಎರಡು ತಿಂಗಳು ಗಾಡಿ ರೈಲು ಗೇಟಿನಲ್ಲಿ ಒಮ್ಮೆಯೂ ನಡುಗಲಿಲ್ಲ. ಸಾವಕಾರರು ಬಂದ ಬೀಗರಿಗೆಲ್ಲ ಗ್ಲಾಸಿನ ನೀರಿನ ಆಟ ತೋರಿಸಿದರು. ಬಾನೆಟ್ ಎತ್ತಿ ರಬ್ಬರಿನ ಟೊಪ್ಪಿಗೆಯನ್ನೂ ತೋರಿಸಿ, ಮಳಿಗಾಲಕ್ಕ ಮಾಡಿಸೀನಿ, ಎನ್ನುತ್ತಿದ್ದರು.

ಮಳಿಗೆ ಹಂಚುವ ಸಭೆ ಹೊಸ ಸಾಲಿನ ಮುಂದಿನ ಪಡಸಾಲೆಯಲ್ಲಿ ನಡೆಯಿತು. ಪಂಚರು ಐವರೂ ಜಮಖಾನೆಯ ಮೇಲೆ. ನನಗೆ ಬರೆದುಕೊಳ್ಳಲು ಅನುಕೂಲವಾಗಲೆಂದು ಕುರ್ಚಿ ಹಾಕಿದ್ದರು. ಮಿಸ್ತ್ರಿ ಮೆಟ್ಟಿಲ ಕೆಳಗೆ, ಬಿಸಿಲಿನಲ್ಲಿ ನಿಂತಿದ್ದರು, ಒಗೆದ ಅಂಗಿ ಹಾಕಿಕೊಂಡು ಬಂದಿದ್ದರು. ಕೊನೆಯ ಮಳಿಗೆಯ ಬಾಗಿಲು ತೆರೆದಿತ್ತು, ಅಲ್ಲಿಂದ ಗುಂಡಿಯ ಕಲ್ಲಿನ ಅಂಚು ಕಾಣುತ್ತಿತ್ತು. ಅವರು ಆಗಾಗ ಆ ಕಡೆ ನೋಡುತ್ತಿದ್ದರು.

ಸಾವಕಾರರು ಮಾತು ಉಳಿಸಿಕೊಂಡರು. ಇದನ್ನು ನಾನು ದಾಖಲಿಸಲೇಬೇಕು. ಮಿಸ್ತ್ರಿಯ ಕೈಚಳಕವನ್ನು ಹೊಗಳಿದರು, ಕಾಯಕ ಮಾಡುವವನಿಗೆ ಜಾತಿ ಇಲ್ಲ ಎಂದರು, ಡ್ರೈವರನಿಂದ ಟೊಪ್ಪಿಗೆ ಬಿಚ್ಚಿಸಿ ತರಿಸಿ ಮೆಟ್ಟಿಲ ಮೇಲೆ ಇಡಿಸಿ ತೋರಿಸಿದರು. ಪಂಚರು ಬಾಗಿ ನೋಡಿದರು, ಯಾರೂ ಕೈಗೆ ತೆಗೆದುಕೊಳ್ಳಲಿಲ್ಲ. ಮಳೆಗಾಲದಲ್ಲಿ ಗಾಡಿ ನಿಲ್ಲುವುದೇ ಇಲ್ಲ ಎಂದು ಸಾವಕಾರರು ಹೇಳಿದಾಗ ಎಲ್ಲರೂ ಮೆಚ್ಚಿಗೆಯಿಂದ ತಲೆದೂಗಿದರು. ಮಳಿಗೆ ಸಿಕ್ಕಂತೆಯೇ ಇತ್ತು. ಪಂಚರಲ್ಲಿ ಹಿರಿಯರೊಬ್ಬರು, ಕಿರಾಣಿ ವ್ಯಾಪಾರಿ, ಮೆಟ್ಟಿಲ ಕೆಳಗೆ ನೋಡಿ, ಇಂಥದು ಮಾಡಬೇಕಂತ ನಿನಗ ಹ್ಯಾಂಗ ಹೊಳೀತು, ಎಂದು ಪ್ರೀತಿಯಿಂದಲೇ ಕೇಳಿದರು.

ಮಳೆ ಎಂದು ಒಂದು ಮಾತು ಹೇಳಿದ್ದರೆ ಗುಂಡಿಯ ಮಳಿಗೆ ಅವರದಾಗುತ್ತಿತ್ತು. ಮಿಸ್ತ್ರಿ ಕೈಕಟ್ಟಿ ನಿಂತೇ ಹೇಳಿದರು.

“ಮಳಿ ಸಲುವಾಗಿ ಮಾಡಿದ್ದಲ್ರಿ. ನಾ ಮುಟ್ಟಿದ ಮ್ಯಾಲೆ ಸಾವಕಾರ್ರ ಮನ್ಯಾಗ ಇಂಜಿನ್ನಿಗೆ ಆಕಳ ಉಚ್ಚಿ ಹಾಕತಾರ್ರಿ. ಅದು ಒಳಗ ಇಳದು ಗಾಡಿ ಕೆಡತಿತ್ತು. ಇಳೀಬಾರ್ದಂತ ಮಾಡೀನಿ.”

ದನಿ ಏರಿರಲಿಲ್ಲ. ಯಾವ ಪ್ಲಗ್ಗು ಕೆಟ್ಟಿದೆ ಎಂದು ಹೇಳುವಾಗಿನ ದನಿಯೇ ಅದು. ಸಾವಕಾರರ ಮುಖ ಕಪ್ಪಾಯಿತು, ಆಮೇಲೆ ನಕ್ಕರು, ಎಲ್ಲೋ ಮಳೆಯ ನೀರು ಬಿದ್ದದ್ದಕ್ಕೆ ಇವ ಹಿಂಗ ತಿಳಕೊಂಡಾನ, ಎಂದರು. ಕಿರಾಣಿ ವ್ಯಾಪಾರಿ ನನ್ನ ಕಡೆ ತಿರುಗಿದರು.

“ಬಾತ್ಮೀದಾರ್ರ, ನೀವು ವಾರವಾರ ಆ ಗಾಡ್ಯಾಗ ಹೋಗ್ತೀರಿ. ಇಂವಾ ಹೇಳೂದು ಖರೆ ಏನ್ರಿ?”

ಸಾವಕಾರರು ನನ್ನನ್ನು ನೋಡಿದರು. ಮಿಸ್ತ್ರಿ ನನ್ನನ್ನು ನೋಡಲಿಲ್ಲ, ಗುಂಡಿಯ ಕಡೆ ನೋಡುತ್ತಿದ್ದರು. ನನ್ನ ಕೈಯಲ್ಲಿ ಪೆನ್ಸಿಲ್ ಇತ್ತು.

“ನಾ ಬರಕೊಳ್ಳಾಕ ಬಂದಾಂವರಿ, ಹೇಳಾಕ ಬಂದಾಂವಲ್ಲ,” ಎಂದೆ.

ಪಂಚರಿಗೆ ಅದು ಗೌರವದ ಉತ್ತರವಾಗಿಯೇ ಕಂಡಿತು. ಪತ್ರಿಕೆಯವರು ಯಾರ ಪಕ್ಷವನ್ನೂ ಹಿಡಿಯಬಾರದು, ಸರಿಯೇ, ಎಂದು ಒಬ್ಬರು ಅಂದರು. ಸುಳ್ಳು ಹೇಳಿ ದೊಡ್ಡವರ ಮನೆಯ ಮಾನ ಕಳೆಯುವವನಿಗೆ ಮಳಿಗೆ ಕೊಡುವುದು ಹೇಗೆಂದು ಇನ್ನೊಬ್ಬರು ಅಂದರು. ಮಿಸ್ತ್ರಿ ಮೆಟ್ಟಿಲ ಮೇಲಿದ್ದ ಟೊಪ್ಪಿಗೆಯನ್ನು ಎತ್ತಿಕೊಂಡು, ಮಡಚಿ, ಹೊಸದಾಗಿ ಒಗೆದ ಅಂಗಿಯ ಒಳಗೆ ಇಟ್ಟುಕೊಂಡು ಹೋದರು. ಕೊನೆಯ ಮಳಿಗೆ ಹಿಟ್ಟಿನ ಗಿರಣಿಯವನಿಗೆ ಹೋಯಿತು. ಗಿರಣಿಗೆ ಗುಂಡಿ ಬೇಕಿಲ್ಲ. ಆ ವಾರವೇ ನಾಲ್ಕು ಚಕ್ಕಡಿ ಮಣ್ಣು ತಂದು ಅದನ್ನು ಮುಚ್ಚಿಸಿದರು.

ಪತ್ರಿಕೆಗೆ ನಾನು ಎರಡು ಸಾಲು ಕಳಿಸಿದೆ. ಗೋಕಾಕದ ಹೊಸ ಮಳಿಗೆಗಳ ಹಂಚಿಕೆ ಸುಸೂತ್ರವಾಗಿ ನೆರವೇರಿತು, ವರ್ತಕರು ಸಂತೋಷ ವ್ಯಕ್ತಪಡಿಸಿದರು. ಒಂದಕ್ಷರವೂ ಬದಲಾಗದೆ ಅಚ್ಚಾಯಿತು. ಆ ಎರಡು ಸಾಲಿನಲ್ಲಿ ಹುಡುಕಿದರೂ ಒಂದು ಸುಳ್ಳು ಸಿಕ್ಕುವುದಿಲ್ಲ. ಅಂಥ ಕೆಲಸ ನನಗೆ ಚೆನ್ನಾಗಿ ಬರುತ್ತಿತ್ತು.

ಟೊಪ್ಪಿಗೆ ಹೋದ ಮೇಲೆ ಗಾಡಿ ಮತ್ತೆ ಕೆಡಬಹುದೆಂದು ಸಾವಕಾರರು ಬೆಳಗಾವಿಯಿಂದ ಒಬ್ಬ ಮೆಕ್ಯಾನಿಕ್‌ನನ್ನು ಕರೆಸಿದರು. ಆತ ವಾಡೆಯ ಅಂಗಳದಲ್ಲೇ, ಚಹಾ ಕುಡಿಯುತ್ತ, ಕರಿ ಮುಚ್ಚಳ ಬಿಚ್ಚಿ ಪೆಟ್ರೋಲಿನಿಂದ ಒರೆಸಿ ಮತ್ತೆ ಹಾಕಿದ. ಬೇರೇನೂ ಮಾಡಲಿಲ್ಲ. ಆತ ಮುಟ್ಟಿದ್ದಕ್ಕೆ ಯಾರೂ ತಂಬಿಗೆ ತರಲಿಲ್ಲ. ತಂಬಿಗೆ ಬಾರದ್ದರಿಂದ ಮುಚ್ಚಳ ಒಣಗಿಯೇ ಉಳಿಯಿತು, ಗಾಡಿ ಮತ್ತೆ ನಡುಗಲಿಲ್ಲ. ಕೈ ಬದಲಾತು, ಗಾಡಿ ಸುದ್ದಾತು, ಎಂದು ಡ್ರೈವರ್ ಊರೆಲ್ಲ ಹೇಳಿಕೊಂಡು ಬಂದ. ಊರು ಒಪ್ಪಿತು. ಕಣ್ಣೆದುರಿಗೇ ಪುರಾವೆ ಓಡಾಡುತ್ತಿತ್ತಲ್ಲ.

ನಾನು ಆ ಕಾರಿನಲ್ಲಿ ಹೋಗುವುದನ್ನು ಬಿಡಲಿಲ್ಲ. ಬಸ್ಸಿತ್ತು, ಬಿಡಬಹುದಿತ್ತು.

ಎರಡು ಮಳೆಗಾಲ ಕಳೆದ ಮೇಲೆ, ನಾವು ಮೈಸೂರು ರಾಜ್ಯಕ್ಕೆ ಸೇರಿಯಾಗಿತ್ತು, ಕಬ್ಬಿನ ಸುದ್ದಿಗೆಂದು ಕೊಣ್ಣೂರಿಗೆ ಹೋದಾಗ ಮಿಸ್ತ್ರಿ ಸಿಕ್ಕರು. ಒಂದು ತೋಟದ ಬದಿಗೆ, ಬಯಲಲ್ಲೇ, ಗಾಣದ ಡೀಸೆಲ್ ಇಂಜಿನ್ ಬಿಚ್ಚಿಕೊಂಡು ಕುಳಿತಿದ್ದರು. ಮನೆಯವರೆಲ್ಲ ಬೌದ್ಧರಾದರೆಂದು ಕೇಳಿದ್ದೆ. ಗೋಕಾಕಕ್ಕೆ ಕೆಲಸಕ್ಕೆ ಬರುವುದನ್ನು ಬಿಟ್ಟಿದ್ದರು. ಮಳೆಗಾಲದಲ್ಲಿ ಏನು ಮಾಡುತ್ತೀರಿ ಎಂದು ಕೇಳಿದೆ. ಆ ದಿನ ಮೊದಲ ಸಲ ಬಹುವಚನ ಬಳಸಿದೆ. ಸ್ಟೇಶನ್ನಿನಲ್ಲಿ ಚೀಲ ಇದ್ದೇ ಇವೆಯಲ್ಲ ಎಂದರು. ಆಮೇಲೆ ತಲೆ ಒಂದು ಬದಿಗೆ ವಾಲಿಸಿ ಏನೋ ಕೇಳಿಸಿಕೊಂಡರು. ರಸ್ತೆಯಲ್ಲಿ, ಇಪ್ಪತ್ತು ಮಾರು ದೂರದಲ್ಲಿ, ಸಾವಕಾರರ ಕಾರು ನಿಂತಿತ್ತು. ಡ್ರೈವರ್ ಇಂಜಿನ್ ಬಂದ್ ಮಾಡಿರಲಿಲ್ಲ.

“ಛಲೋ ನಡದೈತಿ,” ಎಂದರು. “ಸ್ಲೋ ಸ್ಕ್ರೂ ಬೆಳಗಾವಿಯಾಂವ ಮುಟ್ಟ್ಯಾನೇನ್ರಿ?”

“ಇಲ್ಲರಿ. ಮುಚ್ಚಳ ಒರಿಸಿದ, ಅಷ್ಟ.”

“ಹಂಗಾರ ನಾ ಮಾಡಿದ್ದ ಇನ್ನೂ ನಡದೈತಿ.” ಸ್ವಲ್ಪ ಹೊತ್ತು ಇಂಜಿನ್ನಿನ ಸದ್ದು ಕೇಳುತ್ತ ಕುಳಿತರು. “ಇಷ್ಟ ಮಾತು ಅವತ್ತ ಬೇಕಾಗಿತ್ರಿ.”

ಉತ್ತರಕ್ಕೆ ಕಾಯದೆ ಪಾನಾ ತೆಗೆದುಕೊಂಡು ಕೆಲಸಕ್ಕೆ ಬಾಗಿದರು. ರಸ್ತೆಯಿಂದ ಡ್ರೈವರ್ ಹಾರ್ನ್ ಹೊಡೆದ. ನಾನು ಹೋಗಿ ಹಿಂದಿನ ಸೀಟಿನಲ್ಲಿ ಕುಳಿತೆ.